ಹತ್ತು ಗಾಲಿಯ ಆಟಿಕೆ ಟಿಪ್ಪರ್: 16 ತಿಂಗಳು ಓಡಿಸಿ, ಮೂರು ಸಲ ಬಿಚ್ಚಿದ ಮೇಲೆ

ಪೆಟ್ಟಿಗೆ ಬಂದ ವಾರವೇ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಒಂದು ತಿಂಗಳ ಮೇಲೆ ಬರೆದಿದ್ದರೆ ಎರಡು. ಈಗ 16 ತಿಂಗಳಾಗಿದೆ, ಸಿಟ್ಟೂ ಇಳಿದಿದೆ.

ಇದು ನಾವೇ ತುಂಡು ತುಂಡು ಜೋಡಿಸಿ ಕಟ್ಟಬೇಕಾದ ಮೋಟಾರ್ ಟಿಪ್ಪರ್. 1,600 ಚಿಲ್ಲರೆ ತುಂಡುಗಳು, ಎಂಟು ಚೀಲ, ಒಂದು ದಪ್ಪ ಪುಸ್ತಕ. ಮೂರು ಮೋಟಾರ್ ಇವೆ. ಒಂದು ಗಾಡಿ ಓಡಿಸಲು, ಒಂದು ಸ್ಟೇರಿಂಗಿಗೆ, ಇನ್ನೊಂದು ಹಿಂದಿನ ಡಬ್ಬಿ ಎತ್ತಲು. ರಿಮೋಟ್ ಜೊತೆಗೇ ಬರುತ್ತದೆ. ನಾನು ಕೊಟ್ಟಿದ್ದು 7,400 ರೂಪಾಯಿ. ಬ್ರಾಂಡಿನ ಹೆಸರು ಬರೆಯುವುದಿಲ್ಲ. ಇದೇ ಗಾಡಿ ಆನ್‌ಲೈನಿನಲ್ಲಿ ಮೂರ್ನಾಲ್ಕು ಹೆಸರಲ್ಲಿ ಸಿಗುತ್ತದೆ, ಪೆಟ್ಟಿಗೆಯ ಬಣ್ಣ ಮಾತ್ರ ಬೇರೆ.

ಇದು ಲೆಗೋ ಅನ್ನುವ ಹೆಸರಾಂತ ಜೋಡಿಸುವ ಆಟಿಕೆ ಕಂಪನಿಯದಲ್ಲ, ಆದರೆ ಲೆಗೋ ತುಂಡುಗಳಿಗೆ ಕೂರುತ್ತದೆ. ಲೆಗೋ ಇಟ್ಟಿಗೆಯ ಪೇಟೆಂಟ್ 1958ರದು, ಎಂದೋ ಮುಗಿದಿದೆ. ಗೇರ್, ಆಕ್ಸಲ್ (ಗಾಲಿ ಕೂರುವ ದಂಡ) ಇರುವ ಅವರ ಟೆಕ್ನಿಕ್ ಸೆಟ್‌ಗಳು 1977ರಿಂದ ಇವೆ. ಒಂದು ತೂತಿನಿಂದ ಇನ್ನೊಂದು ತೂತಿಗೆ 8 ಮಿಲಿಮೀಟರ್ ಅನ್ನುವ ಆ ಅಳತೆಯನ್ನೇ ಈಗ ಎಲ್ಲರೂ ಹಿಡಿದಿದ್ದಾರೆ. ಈ ಅಳತೆಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಗಾಡಿ ಉಳಿದಿದ್ದೇ ಅದರಿಂದ. ಅಸಲಿ ಲೆಗೋದಲ್ಲಿ ಇಷ್ಟು ದೊಡ್ಡ ಮೋಟಾರ್ ಗಾಡಿ ಬೇಕೆಂದರೆ ಇದರ ದುಪ್ಪಟ್ಟಿಗೂ ಜಾಸ್ತಿ ಆಗುತ್ತದೆ. ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿಸಿದರಲ್ಲ, ಅದೂ ಒಂದು ಕಾರಣ. ಯಾವುದೇ ಕೊಂಡರೂ ಪೆಟ್ಟಿಗೆ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಅದು ಕಡ್ಡಾಯ, ಕರೆಂಟ್ ಅಥವಾ ಸೆಲ್ ಮೇಲೆ ನಡೆಯುವ ಆಟಿಕೆಯಾದರೆ ಐಎಸ್ 15644 ಎಂದು ಬರೆದಿರುತ್ತದೆ.

ಇನ್ನು ಮನೆಯವರು. ನಾನು ಹುಬ್ಬಳ್ಳಿಯ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ 31 ವರ್ಷ ಲಾರಿ ಓಡಿಸಿದವರು, ಈಗ ನವನಗರದಲ್ಲಿ ನಮ್ಮ ಜೊತೆಗಿದ್ದಾರೆ. ಸಂಜೆ ಅಮರಗೋಳ ಎಪಿಎಂಸಿ ಕಡೆ ಹೋಗಿ, ನಿಂತ ಲಾರಿಗಳ ಟೈರ್ ಒದ್ದು ನೋಡಿ ಬರುವುದು ಅವರ ವಾಕಿಂಗ್. ಮಗಳು ಐದನೇ ಕ್ಲಾಸ್. ಟಿಪ್ಪರ್ ಕೇಳಿದ್ದು ಅವಳು. ಕಟ್ಟಿದ್ದು ಮೂರೂ ಜನ.

ಕಟ್ಟುವುದಕ್ಕೆ 19 ಸಂಜೆ ಹಿಡಿಯಿತು. ಪುಸ್ತಕದಲ್ಲಿ ಒಂದಕ್ಷರ ಇಲ್ಲ, ಬರೀ ಚಿತ್ರ. ಅದೇನೋ ಒಳ್ಳೆಯದೇ, ಅಪ್ಪನಿಗೂ ಅರ್ಥವಾಗುತ್ತದೆ. ಆದರೆ ಕಪ್ಪು ತುಂಡು, ಕಡುಬೂದು ತುಂಡು ಎರಡೂ ಅಚ್ಚಿನಲ್ಲಿ ಒಂದೇ ಥರ ಕಾಣುತ್ತವೆ. ಟ್ಯೂಬ್‌ಲೈಟ್ ಕೆಳಗೆ ಕೂತರೆ ಕಣ್ಣು ನೀರೂರುತ್ತದೆ. ಪಿನ್‌ಗಳನ್ನು ಹಳೆಯ ಮಸಾಲೆ ಡಬ್ಬಿಯ ಬಟ್ಟಲುಗಳಲ್ಲಿ ಬೇರೆ ಬೇರೆ ಹಾಕಿಕೊಂಡೆವು. ಇದೊಂದು ಮಾಡಿ, ಅರ್ಧ ಟೈಮ್ ಉಳಿಯುತ್ತದೆ. ಮೂರು ತುಂಡು ಕಮ್ಮಿ ಇದ್ದವು, ಚಿಕ್ಕ ಗೇರುಗಳು ನಾಲ್ಕೈದು ಜಾಸ್ತಿ ಇದ್ದವು.

ನನ್ನ ಚಿಕ್ಕಂದಿನಲ್ಲಿ ತೂತು ತೂತಿನ ತಗಡಿನ ಪಟ್ಟಿ, ನಟ್ಟು ಬೋಲ್ಟಿನ ಸೆಟ್ ಇತ್ತು. 1901ರಲ್ಲಿ ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಪೇಟೆಂಟ್ ಮಾಡಿಸಿದ ಮೆಕ್ಯಾನೊ ಜಾತಿಯದ್ದು. ಅದರಲ್ಲಿ ಒಂದು ಕ್ರೇನ್ ಕಟ್ಟುವಷ್ಟರಲ್ಲಿ ಬೆರಳು ಸುಲಿದು ಹೋಗುತ್ತಿತ್ತು. ಇದರಲ್ಲಿ ಪಿನ್ ಒತ್ತಿದರೆ ಟಕ್ ಅಂತ ಕೂತುಬಿಡುತ್ತದೆ. ಬಿಚ್ಚುವಾಗ ಮಾತ್ರ ಉಗುರು ಹೋಗುತ್ತದೆ.

19ನೇ ಸಂಜೆ ಸೆಲ್ ಹಾಕಿ ರಿಮೋಟ್ ಒತ್ತಿದೆವು. ಮೋಟಾರ್ ಗುಂಯ್ ಅಂತು. ಒಳಗೆ ಎಲ್ಲೋ ಕಟ್ ಕಟ್ ಕಟ್ ಅಂತ ಗೇರ್ ಜಾರುವ ಸದ್ದು. ಗಾಡಿ ಇದ್ದಲ್ಲೇ ನಡುಗಿತೇ ಹೊರತು ಒಂದಿಂಚೂ ಕದಲಲಿಲ್ಲ. ಮಗಳ ಮುಖ ನೋಡೋಕಾಗಲಿಲ್ಲ. ಮೋಟಾರ್ ಡಬ್ಬಾ ಕೊಟ್ಟಿದ್ದಾರೆ ಅಂತ ನಾನು ಅಂಗಡಿಯವರಿಗೆ ಉದ್ದಕ್ಕೆ ಮೆಸೇಜ್ ಬರೆಯುತ್ತ ಕೂತೆ. ಎರಡು ಸ್ಟಾರಿನ ಸಿಟ್ಟು ಶುರುವಾಗಿದ್ದು ಅಲ್ಲಿಂದಲೇ.

ಅಪ್ಪ ಗಾಡಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡರು. ಹಿಂದೆ ಎರಡು ಆಕ್ಸಲ್ ಇವೆ ನೋಡಿ, ಅದರಲ್ಲಿ ಮುಂದಿನದರ ಎಡಬಲದ ಗಾಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ತಿರುಗಿಸಿದರು. ಕೊನೆಯ ಆಕ್ಸಲ್ಲಿನ ಗಾಲಿಗಳು ಹಿಂದಕ್ಕೆ ತಿರುಗಿದವು. ಇನ್ನೊಮ್ಮೆ ತಿರುಗಿಸಿದರು. ಹಾಗೇ.

"ಕ್ರೌನ್ ಉಲ್ಟಾ ಕುಂತೈತಿ. ಒಂದು ಹೌಸಿಂಗ್ ಮುಂದ ಹೋಗೂಣು ಅಂತೈತಿ, ಒಂದು ಹಿಂದ ಹೋಗೂಣು ಅಂತೈತಿ. ಗಾಡಿ ಪಾಪ ಏನ್ ಮಾಡಬೇಕು?"

ಕ್ರೌನ್ ಅಂದರೆ ಆಕ್ಸಲ್ ನಡುವಿನ ದೊಡ್ಡ ಹಲ್ಲಿನ ಚಕ್ರ, ಹೌಸಿಂಗ್ ಅಂದರೆ ಅದು ಕೂತಿರುವ ಆಕ್ಸಲ್. ಪುಸ್ತಕ ತಿರುವಿ ನೋಡಿದರೆ ನಿಜ. ಆ ಕ್ರೌನ್ ಇರುವ ಡಿಫರೆನ್ಷಿಯಲ್‌ನ (ಎಡಬಲದ ಗಾಲಿಗಳಿಗೆ ತಿರುಗುವ ಬಲ ಹಂಚುವ ಗೇರ್ ಗುಂಪಿನ) ಹಲ್ಲಿನ ಬದಿ ಬಲಕ್ಕೆ ಬರಬೇಕಿತ್ತು, ನಾವು ಎಡಕ್ಕೆ ಕೂರಿಸಿದ್ದೆವು. ಮೋಟಾರ್ ಕಡೆಯಿಂದ ಬರುವ ಚಿಕ್ಕ ಗೇರ್, ಅಂದರೆ ಪಿನಿಯನ್, ಕ್ರೌನಿನ ಈ ಕಡೆ ಹಲ್ಲು ಕೊಟ್ಟರೆ ಮುಂದಕ್ಕೆ, ಆ ಕಡೆ ಕೊಟ್ಟರೆ ಹಿಂದಕ್ಕೆ. ಕಪ್ಪು ಬೂದು ಗೊಂದಲದಲ್ಲಿ ಚಿತ್ರ ಸರಿಯಾಗಿ ಕಂಡಿರಲಿಲ್ಲ. ಅದು ಎರಡನೇ ಚೀಲದ ಕೆಲಸ, ನಾವು ಎಂಟನೆಯದು ಮುಗಿಸಿ ಕೂತಿದ್ದೆವು! ಡಬ್ಬಿ, ಜಾಕ್, ಬ್ಯಾಟರಿ ಪೆಟ್ಟಿಗೆ ಎಲ್ಲ ಇಳಿಸಿ, ಕ್ರೌನ್ ತಿರುಗಿಸಿ ಮತ್ತೆ ಕಟ್ಟಲು ಮೂರು ಸಂಜೆ. ಮೆಸೇಜ್ ಅಳಿಸಿದೆ. ಕಟ್ಟುವವರಿಗೆ ನನ್ನ ಮಾತು ಇಷ್ಟೇ: ಎರಡನೇ ಚೀಲ ಮುಗಿದ ಕೂಡಲೇ ಗಾಲಿ ಸಿಕ್ಕಿಸಿ ಕೈಯಲ್ಲಿ ತಿರುಗಿಸಿ ನೋಡಿ.

ಓಡಿದ ಮೇಲೆ ಲೋಡ್ ಪರೀಕ್ಷೆ. ಅದು ಮಾರ್ಚ್, ಟೆರೇಸಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗಲು ಹಾಕಿದ್ದೆವು. ಮಗಳು ಅದನ್ನೇ ತಲೆ ಕಟ್ಟಿ ತುಂಬಿದಳು. ಗಾಡಿ ಸಲೀಸಾಗಿ ಓಡಿತು. ಅವಳಿಗೆ ಭಾರಿ ಖುಷಿ, ಫುಲ್ ಲೋಡ್ ಎಳೆಯಿತು ಅಂತ. ಅಡಿಗೆಮನೆಯ ತಕ್ಕಡಿಯಲ್ಲಿಟ್ಟರೆ ನೂರು ಗ್ರಾಂ ಕೂಡ ಇರಲಿಲ್ಲ. ಅದೇ ಡಬ್ಬಿಗೆ ಜೋಳ ತುಂಬಿದರೆ 900 ಗ್ರಾಂ. ನಮ್ಮ ಆಫೀಸಿನಲ್ಲಿ ಹೊಸ ಹುಡುಗರು ಮಾಡುವ ತಪ್ಪು ಇದೇ. ಹತ್ತಿ, ಮೆಣಸಿನಕಾಯಿಗೆ ಬರೀ ತೂಕ ನೋಡಿ ಬಾಡಿಗೆ ಹೇಳಿಬಿಡುತ್ತಾರೆ. ಲಾರಿ ತುಂಬಿರುತ್ತದೆ, ಬಿಲ್ ತುಂಬಿರುವುದಿಲ್ಲ.

ಜೋಳದ ಲೋಡಿಗೆ ನೆಲದ ಮೇಲೆ ಓಡಿತು. ಮನೆ ಮುಂದೆ ಸ್ಕೂಟರ್ ಹತ್ತಿಸುವ ಕಲ್ಲಿನ ಇಳಿಜಾರಿನಲ್ಲಿ ಮಾತ್ರ ಅರ್ಧಕ್ಕೇ ನಿಂತು ಮತ್ತೆ ಗುಂಯ್. ಡಬ್ಬಿ ಎತ್ತುವ ಜಾಕ್ ನನಗೆ ತುಂಬ ಹಿಡಿಸಿತು. ಸ್ಕ್ರೂ ಥರದ್ದು, ಮೋಟಾರ್ ತಿರುಗಿದಂತೆ ಒಳಗಿನ ಸಲಾಕೆ ಹೊರಗೆ ಬರುತ್ತದೆ. ನಿಧಾನ, ಆದರೆ ಅರ್ಧದಲ್ಲಿ ಸ್ವಿಚ್ ಬಿಟ್ಟರೂ ಲೋಡ್ ಸಮೇತ ಅಲ್ಲೇ ನಿಲ್ಲುತ್ತದೆ, ಜಾರುವುದಿಲ್ಲ. ಜೋಳ ಸರಸರ ಇಳಿಯಿತು. ಮೆಣಸಿನಕಾಯಿ ಒಂದಕ್ಕೊಂದು ಸಿಕ್ಕಿಕೊಂಡು ಡಾಲಾ (ಡಬ್ಬಿಯ ಹಿಂದಿನ ಬಾಗಿಲು) ತೆಗೆದರೂ ಬೀಳಲಿಲ್ಲ, ಅಲ್ಲಾಡಿಸಬೇಕಾಯಿತು. ಒಂದು ಜೋಳದ ಕಾಳು ಗೇರಿನ ಹಲ್ಲಿಗೆ ಸಿಕ್ಕಿ ಒಂದಿಡೀ ಭಾನುವಾರ ತಿಂದಿತು. ಆಮೇಲೆ ಜೋಳ ಬಂದ್.

ಈಗ ಕೆಟ್ಟದ್ದು. ಐದನೇ ತಿಂಗಳಲ್ಲಿ ಕ್ರಾಸ್ ಮುರಿಯಿತು. ಮೋಟಾರಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಶಾಫ್ಟಿನ ನಡುವೆ ಬಾಗುವ ಜಾಯಿಂಟ್ ಇರುತ್ತದಲ್ಲ, ಅದು. ಪ್ಲಾಸ್ಟಿಕ್ಕಿನದು, ಬೆರಳ ತುದಿಯಷ್ಟು. ಮಗಳು ಮುಂದೆ ಹೋಗುತ್ತಿದ್ದ ಗಾಡಿಗೆ ನಿಲ್ಲಿಸದೆ ರಿವರ್ಸ್ ಕೊಟ್ಟಳು, ಟಪ್ ಅಂತು. "ನಡಿಯೂ ಗಾಡಿಗೆ ರಿವರ್ಸ್ ಹಾಕಿದ್ರ ಕ್ರಾಸ್ ಉಳೀತೈತೇನವ್ವಾ?" ಅಂದರು ಅಪ್ಪ, ಬೈಯುವ ದನಿಯಲ್ಲೇನೂ ಅಲ್ಲ. ಮಾರಿದವರನ್ನು ಕೇಳಿದರೆ ಬಿಡಿ ತುಂಡು ಕೊಡುವುದಿಲ್ಲ, ಹತ್ತು ದಿನದೊಳಗಾದರೆ ಪೂರ್ತಿ ಸೆಟ್ ವಾಪಸ್ ತಗೋತೀವಿ, ಈಗ ಆಗಲ್ಲ ಅಂದರು. ಒಂದು ಸ್ಟಾರ್ ಕಳೆದಿದ್ದು ಇದಕ್ಕೇ. ಆಗ ಕೈಹಿಡಿದಿದ್ದು ಆ 8 ಮಿಲಿಮೀಟರ್ ಅಳತೆ. ಬೇರೆ ಕಡೆಯಿಂದ ಹತ್ತು ಕ್ರಾಸಿನ ಪ್ಯಾಕೆಟ್ 260 ರೂಪಾಯಿಗೆ ತರಿಸಿದೆವು. ಸರಿಯಾಗಿ ಕೂತಿತು. ಇಲ್ಲಿವರೆಗೆ ಅದರಲ್ಲಿ ನಾಲ್ಕು ಹೋಗಿವೆ.

ಸೆಲ್ ಖರ್ಚು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಗಾಡಿಗೆ ಆರು ಪೆನ್ಸಿಲ್ ಸೆಲ್, ರಿಮೋಟಿಗೆ ಎರಡು. ಸುಮ್ನೆ ಓಡಿಸುತ್ತಿದ್ದರೆ ಮುಕ್ಕಾಲು ಗಂಟೆಗೆ ಸುಸ್ತು. ಎರಡನೇ ತಿಂಗಳಿಗೇ ಚಾರ್ಜ್ ಮಾಡುವ ಸೆಲ್‌ಗೆ ಬದಲಾದೆವು. ಅದರಲ್ಲಿ ಗಾಡಿ ಸ್ವಲ್ಪ ನಿಧಾನ. ಮಾಮೂಲಿ ಸೆಲ್ ಒಂದೂವರೆ ವೋಲ್ಟ್, ಆರಕ್ಕೆ ಒಂಬತ್ತು. ಚಾರ್ಜಿನದು 1.2, ಆರಕ್ಕೆ 7.2. ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ 11 ಸೆಕೆಂಡ್ ಇದ್ದದ್ದು 14 ಆಯಿತು. ಮಗಳಿಗೆ ಬೇಜಾರು, ನನ್ನ ಪರ್ಸಿಗೆ ಸಮಾಧಾನ. ಮೊದಲ ಬೇಸಿಗೆ ರಜೆಯಲ್ಲಿ ಹಾವೇರಿಯ ಮದುವೆ, ತಿರುಗಾಟ ಅಂತ ರಿಮೋಟಿನ ಮಾಮೂಲಿ ಸೆಲ್ ತೆಗೆಯುವುದು ಮರೆತೆವು. ಜೂನ್‌ನಲ್ಲಿ ತೆಗೆದರೆ ಸ್ಪ್ರಿಂಗ್ ಮೇಲೆಲ್ಲ ಬಿಳಿ ಪುಡಿ. ಆಲ್ಕಲೈನ್ ಸೆಲ್ ಸೋರಿದರೆ ಬರುವುದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಹತ್ತಿ ಕಡ್ಡಿಯನ್ನು ಲಿಂಬೆರಸದಲ್ಲಿ ಅದ್ದಿ ಉಜ್ಜಿದೆ. ಸಣ್ಣಗೆ ಬುರುಗು ಬಂತು. ಒರೆಸಿ, ಒಣಗಿಸಿ, ಪಾಲಿಶ್ ಪೇಪರ್ ತಿಕ್ಕಿದ ಮೇಲೆ ರಿಮೋಟ್ ಬದುಕಿತು.

ಸ್ಟಿಕ್ಕರ್‌ಗಳು ಅದೇ ಬೇಸಿಗೆಗೆ ಸುರುಳಿ ಸುತ್ತಿಕೊಂಡವು. ಅದರ ಬಗ್ಗೆ ದುಃಖವಿಲ್ಲ. ನಂಬರ್ ಪ್ಲೇಟಿನ ಜಾಗ ಖಾಲಿಯಾದಾಗ ಮಗಳು ಹುಬ್ಬಳ್ಳಿಯ ಕೆಎ 63 ಅಂತ ಬರೆದಳು. ಅಪ್ಪ ಒಪ್ಪಲಿಲ್ಲ, ಅವರು ಮೊದಲು ಹತ್ತಿದ ಲಾರಿ ಗದಗಿನದು, ಕೆಎ 26 ಆಗಬೇಕು ಅಂದರು. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ವಿಆರ್‌ಎಲ್ ಸಾರಿಗೆ ಕಂಪನಿ ಶುರುವಾದ ಕತೆ ಮತ್ತೊಮ್ಮೆ ಹೇಳಿದರು. ಈಗ ಮುಂದೆ 63, ಹಿಂದೆ 26. ಆರ್‌ಟಿಒ ಹಿಡಿದರೆ ನಾನು ಜವಾಬ್ದಾರಳಲ್ಲ.

ಇಷ್ಟಾದರೂ ಎರಡು ಸ್ಟಾರ್ ನಾಲ್ಕಾಗಲು ಕಾರಣ ಹತ್ತನೇ ತಿಂಗಳಲ್ಲಿ ನಡೆದದ್ದು. ಇಳಿಜಾರು ಹತ್ತದ ಗಾಡಿಯ ಮೇಲೆ ಮಗಳಿಗೆ ಇನ್ನೂ ಸಿಟ್ಟಿತ್ತು, ಜಾಸ್ತಿ ಪವರಿನ ಮೋಟಾರ್ ಬೇಕೆಂದು ಹಟ. "ಗಾಡಿ ಏರು ಹತ್ತಲಿಲ್ಲಂದ್ರ ಮೊದಲ ಗೇರ್ ನೋಡು, ಇಂಜಿನ್ ಮ್ಯಾಲೆ ಯಾಕ ಹಾಕ್ತಿ?" ಅಂದರು ಅಪ್ಪ. ಮೋಟಾರಿನ ಹತ್ತಿರ 12 ಹಲ್ಲಿನ ಗೇರ್ 20 ಹಲ್ಲಿನದನ್ನು ತಿರುಗಿಸುತ್ತಿತ್ತು. ಅವಳು ಮಸಾಲೆ ಡಬ್ಬಿಯಲ್ಲಿ ಉಳಿದಿದ್ದ 8 ಹಲ್ಲಿನದನ್ನು ತೆಗೆದಳು. ಜೊತೆಗೆ 24 ಹಲ್ಲಿನದೊಂದನ್ನು ಕ್ರಾಸ್ ತರಿಸಿದಲ್ಲಿಂದಲೇ ತರಿಸಿದೆವು. ಆಕ್ಸಲ್ ಜಾಗ ಬದಲಿಸಬೇಕಾಗುತ್ತದೆ ಎಂದು ನಾನು ಚಾಸಿ ಬಿಚ್ಚಲು ಕೂತಿದ್ದೆ. ಅವಳು ತಡೆದಳು. 12ಕ್ಕೆ 20 ಕೂಡಿಸಿದರೂ 32, 8ಕ್ಕೆ 24 ಕೂಡಿಸಿದರೂ 32, ಅಮ್ಮಾ, ಹಂಗಾದ್ರ ಅಲ್ಲೇ ಕೂಡ್ತೈತಿ. ಕೂತಿತು! ಮೊದಲು ಮೋಟಾರ್ ಒಂದೂ ಮುಕ್ಕಾಲು ಸುತ್ತಿಗೂ ಕಮ್ಮಿ ತಿರುಗಿದರೆ ಶಾಫ್ಟ್ ಒಂದು ಸುತ್ತು ಬರುತ್ತಿತ್ತು, ಈಗ ಮೂರು ಸುತ್ತು ಬೇಕು. ಹಾಲ್ ದಾಟಲು 25 ಸೆಕೆಂಡ್. ಆದರೆ ಒಂದು ಕೆಜಿ ಅಕ್ಕಿ ಪ್ಯಾಕೆಟ್ ಹೊತ್ತು ಸ್ಕೂಟರಿನ ಇಳಿಜಾರನ್ನು ಮೇಲಿನವರೆಗೆ ಹತ್ತಿತು. ಅಪ್ಪ ಹಿಂದೆ ಹಿಂದೆ ಬಗ್ಗಿ ನಡೆದರು, ಚಕ್ರಕ್ಕೆ ಕಲ್ಲು ಕೊಡುವವರ ಹಾಗೆ.

ಬರೀ ರಿಮೋಟ್ ಒತ್ತಿ ಜೋರಾಗಿ ಓಡಿಸುವ ಗಾಡಿ ಬೇಕಿದ್ದರೆ ಇದು ಬೇಡ. ದುರ್ಗದಬೈಲಿನಲ್ಲಿ ಅಂಥವು ಎಷ್ಟೋ ಕಡಿಮೆಗೆ ಸಿಗುತ್ತವೆ, ಇದಕ್ಕಿಂತ ಜೋರಾಗಿ ಓಡುತ್ತವೆ. ಎಂಟು ವರ್ಷಕ್ಕಿಂತ ಚಿಕ್ಕವರಿಗೂ ಬೇಡ, ಪಿನ್ ಒತ್ತುವಷ್ಟು ಬೆರಳಲ್ಲಿ ಬಲ ಇರುವುದಿಲ್ಲ. ಮನೆಯಲ್ಲಿ ಬಿಚ್ಚಿ ನೋಡುವ ಚಟದವರು ಒಬ್ಬರಾದರೂ ಇದ್ದರೆ ತಗೊಳ್ಳಿ. ಜೊತೆಗೇ ಕ್ರಾಸ್ ಪ್ಯಾಕೆಟ್ಟು, ಚಾರ್ಜಿನ ಸೆಲ್ಲು ಹೇಳಿಬಿಡಿ, ಎಲ್ಲ ಸೇರಿ ಒಂಬತ್ತು ಸಾವಿರದ ಲೆಕ್ಕ ಇಟ್ಟುಕೊಳ್ಳಿ.

ಸದ್ಯ ಗಾಡಿ ಪರಾತದಲ್ಲಿ ಬಿಚ್ಚಿ ಬಿದ್ದಿದೆ. ಹಿಂದೆ ಇನ್ನೊಂದು ಆಕ್ಸಲ್ ಸೇರಿಸಿ ಹದಿನಾಲ್ಕು ಗಾಲಿ ಮಾಡುತ್ತಾರಂತೆ ಅಜ್ಜ, ಮೊಮ್ಮಗಳು. ನಾಲ್ಕು ಟೈರು ಕಮ್ಮಿ ಬಿದ್ದಿವೆ, ಆರ್ಡರ್ ಹಾಕುವ ಕೆಲಸ ನನ್ನದು.