“ಟೋಕನ್ ಎಲ್ಲಿಂದ ತರೋದ್ರಿ?”: ವೇಲ್ ಜೊತೆ ಎಂಟು ತಿಂಗಳು

ಹುಬ್ಬಳ್ಳಿಯ ಡೆವಲಪರ್ ಒಬ್ಬ ಫೋನ್ ಮಾಡಿದ್ದ. ನಾನು ಡಾಕ್ಯುಮೆಂಟೇಶನ್ ಬರೆಯುವ ಪೇಮೆಂಟ್ ಲೈಬ್ರರಿಯನ್ನು ತನ್ನ ಆಪ್‌ಗೆ ಜೋಡಿಸುತ್ತಿದ್ದ. “ಆಕ್ಸೆಸ್ ಕೀ ಸಿಕ್ತ್ರಿ ಮೇಡಂ. ಟೋಕನ್ ಎಲ್ಲಿಂದ ತರೋದ್ರಿ?”

ಎರಡೂ ಒಂದೇ, ಲೈಬ್ರರಿ ಬಳಸಲು ಬೇಕಾದ ಗುಪ್ತ ಸಂಕೇತ. ಶುರುವಿನ ಪುಟದಲ್ಲಿ ನಾನು ‘ಆಕ್ಸೆಸ್ ಕೀ’ ಅಂದಿದ್ದೆ, ರಿಫಂಡ್ ಪುಟ ಬರೆದ ಇಂಜಿನಿಯರ್ ‘ಟೋಕನ್’ ಅಂದಿದ್ದ, ಎರರ್ ಪಟ್ಟಿಯಲ್ಲಿ ಅದೇ ‘ಸೀಕ್ರೆಟ್’ ಆಗಿತ್ತು. ಪಾಪ, ಇಲ್ಲದ ಟೋಕನ್ನಿಗಾಗಿ ಎರಡು ದಿನ ಡ್ಯಾಶ್‌ಬೋರ್ಡ್ ಜಾಲಾಡಿದ್ದಾನೆ.

ಈ ಕಾಯಿಲೆ ದೊಡ್ಡವರಿಗೂ ಇದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಕಮಿಟ್‌ಗೆ (ದಾಖಲಿಸುವುದಕ್ಕೆ) ಮೊದಲು ಬದಲಾವಣೆಗಳು ಕಾಯುವ ಜಾಗಕ್ಕೆ ಇಂಡೆಕ್ಸ್, ಕ್ಯಾಶ್, ಸ್ಟೇಜಿಂಗ್ ಏರಿಯಾ ಎಂದು ಮೂರು ಹೆಸರು. ಏನು ಬದಲಾಗಿದೆ ಅಂತ ತೋರಿಸುವ ‘ಡಿಫ್’ ಕಮಾಂಡಿಗೆ ‘ಕ್ಯಾಶ್ಡ್’ ಎಂದರೂ ‘ಸ್ಟೇಜ್ಡ್’ ಎಂದರೂ ಬರುವ ಉತ್ತರ ಒಂದೇ. ಶಾಲೆಯಲ್ಲಿ ನಿಬಂಧ ತಿದ್ದುವಾಗ ಮೇಷ್ಟ್ರು ‘ಅದೇ ಪದ ಎಷ್ಟು ಸಲ ಬರೀತೀಯ’ ಅಂತ ಕೆಂಪು ಗೆರೆ ಎಳೆಯುತ್ತಿದ್ದರಲ್ಲ, ಆ ಅಭ್ಯಾಸ ಇಲ್ಲಿ ಮುಳುವು. ಪದ ಬದಲಾದರೆ ವಸ್ತುವೂ ಬದಲಾಯಿತು ಅಂತಲೇ ಓದುವವರು ತಿಳಿಯುತ್ತಾರೆ.

ನಮ್ಮಲ್ಲಿ ಪದಪಟ್ಟಿ ಇರಲಿಲ್ಲ ಅಂತಲ್ಲ. ಎಕ್ಸೆಲ್ ಶೀಟ್ ಇತ್ತು. ಅದನ್ನು ತೆರೆಯುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಬರಹದಲ್ಲಿನ ಪದಬಳಕೆಯನ್ನು ನಿಯಮಕ್ಕೆ ತಕ್ಕಂತೆ ಪರೀಕ್ಷಿಸುವ ವೇಲ್ (Vale) ಹಾಕಿದೆ.

ವೇಲ್ ಓಪನ್ ಸೋರ್ಸ್, ದುಡ್ಡಿಲ್ಲ. ಟರ್ಮಿನಲ್‌ನಲ್ಲಿ ಓಡುವ ಒಂದೇ ಒಂದು ಪ್ರೋಗ್ರಾಂ. ನಮ್ಮ ಬರಹ ಯಾರ ಸರ್ವರಿಗೂ ಹೋಗುವುದಿಲ್ಲ. ನಿಯಮಗಳನ್ನು ಯಾಮಲ್ (YAML) ಎಂಬ ಸರಳ ಪಠ್ಯರೂಪದ ಫೈಲಿನಲ್ಲಿ ನಾವೇ ಬರೆಯಬೇಕು. ನಾನು ಹೆಚ್ಚು ಬಳಸುವುದು ‘ಸಬ್‌ಸ್ಟಿಟ್ಯೂಶನ್’: ಎಡಗಡೆ ಬೇಡದ ಪದ, ಬಲಗಡೆ ಬೇಕಾದ ಪದ, ಮಟ್ಟ ‘ಎರರ್’. ಟೋಕನ್ ಅಂತ ಬರೆದವರಿಗೆ ಈಗ ಸಾಲಿನ ಸಂಖ್ಯೆ ಸಮೇತ ‘ಆಕ್ಸೆಸ್ ಕೀ ಬಳಸಿ’ ಅಂತ ಬರುತ್ತದೆ, ಮರ್ಜ್, ಅಂದರೆ ಬದಲಾವಣೆ ಮುಖ್ಯ ಪ್ರತಿಗೆ ಸೇರುವುದು, ಅಲ್ಲೇ ನಿಲ್ಲುತ್ತದೆ. ಮಾರ್ಕ್‌ಡೌನ್ ಪುಟಗಳಷ್ಟೇ ಅಲ್ಲ, ಪೈಥಾನ್ ಡಾಕ್‌ಸ್ಟ್ರಿಂಗ್‌ಗಳನ್ನೂ (ಕೋಡಿನೊಳಗೇ ಬರೆಯುವ ವಿವರಣೆ) ನೋಡುತ್ತದೆ. ನನಗೆ ಇದೇ ದೊಡ್ಡ ಲಾಭ, ಯಾಕೆಂದರೆ ರೆಫರೆನ್ಸ್ ಪುಟಗಳೆಲ್ಲ ಹುಟ್ಟುವುದು ಅಲ್ಲಿಂದ, ಅವನ್ನು ಬರೆಯುವವರು ಇಂಜಿನಿಯರ್‌ಗಳು.

ಮೊದಲ ದಿನ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸಿದ್ಧ ಸಿಗುವ ಮೈಕ್ರೋಸಾಫ್ಟ್ ಶೈಲಿಯ ಪ್ಯಾಕೇಜನ್ನು ಇಡಿಯಾಗಿ ಎಳೆದುಕೊಂಡೆ. ಪರದೆ ತುಂಬ ಕೆಂಪು: ‘ಡು ನಾಟ್’ ಬೇಡ ‘ಡೋಂಟ್’ ಬರಿ, ಆ ಥರದವು. ನಮ್ಮ ಮೂರು ಹೆಸರಿನ ಗಲಾಟೆ ಅದರಡಿ ಹೂತುಹೋಯಿತು. ಅದನ್ನೆಲ್ಲ ಆಫ್ ಮಾಡಿ, ಜಗಳ ಎದ್ದ ಪದಗಳದ್ದೇ ಹನ್ನೊಂದು ನಿಯಮ ಬರೆದುಕೊಂಡೆ.

ಅದರಲ್ಲೂ ಒಂದು ಎಡವಟ್ಟಾಯಿತು. ಉತ್ಸಾಹದಲ್ಲಿ ಬರೀ ‘ಕೀ’ ಅಂತ ಇದ್ದಲ್ಲೆಲ್ಲ ‘ಆಕ್ಸೆಸ್ ಕೀ’ ಮಾಡಿ ಅಂತ ನಿಯಮ ಹಾಕಿದ್ದೆ. ಮರುದಿನ ಸಹೋದ್ಯೋಗಿ ಬಂದು, “ಪೈಥಾನ್ ಡಿಕ್ಷನರಿಯ ಕೀಗೂ ಆಕ್ಸೆಸ್ ಕೀ ಅನ್ಬೇಕಂತೆ, ಎಂಟರ್ ಕೀನೂ ಬಿಟ್ಟಿಲ್ಲ ನಿಮ್ಮ ಮೆಷಿನ್ನು” ಅಂತ ನಕ್ಕ. ವೇಲ್‌ಗೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಒಂದೇ ವಸ್ತುವಿನ ಮೂರು ಹೆಸರನ್ನು ಹಿಡಿಯುತ್ತದೆ. ಒಂದೇ ಹೆಸರಿನಡಿ ಮೂರು ವಸ್ತು ಕೂತಿದ್ದರೆ ನಾವೇ ನೋಡಬೇಕು. ಕೋಡ್ ಬ್ಲಾಕ್‌ಗಳನ್ನು ಅದು ತಾನಾಗಿಯೇ ಬಿಟ್ಟುಬಿಡುತ್ತದೆ. ಹಾಗೆ ಬಿಡುವುದು ಸರಿಯೇ, ಆದರೆ ನಮ್ಮ ಫಂಕ್ಷನ್ನಿನ ಪ್ಯಾರಾಮೀಟರ್ ಹೆಸರೇ ‘ಟೋಕನ್’! ಮೇಲಿನ ಸಾಲಿನಲ್ಲಿ ಆಕ್ಸೆಸ್ ಕೀ, ಕೆಳಗಿನ ಕೋಡಿನಲ್ಲಿ ಟೋಕನ್. ಹೆಸರು ಬದಲಿಸಿದರೆ ಗ್ರಾಹಕರ ಕೋಡ್ ಒಡೆಯುತ್ತದೆ, ಆದ್ದರಿಂದ ಆ ಪುಟದಲ್ಲಿ ‘ಟೋಕನ್ ಎಂಬಲ್ಲಿ ನಿಮ್ಮ ಆಕ್ಸೆಸ್ ಕೀ ಕೊಡಿ’ ಎಂಬ ಸಾಲು ಸೇರಿಸಿ, ಅದರ ಹಿಂದೆ ಮುಂದೆ ವೇಲ್ ಆಫ್, ವೇಲ್ ಆನ್ ಎಂಬ ಕಾಮೆಂಟ್ ಇಟ್ಟಿದ್ದೇನೆ.

ಯಾವ ಪದ ಇರಬೇಕು ಎಂಬ ವಾದ ವೇಲ್‌ನಿಂದ ತೀರಲಿಲ್ಲ. ‘ಸೀಕ್ರೆಟ್’ ಪರವಾಗಿ ಒಬ್ಬರು ಎರಡು ಮೀಟಿಂಗ್ ಎಳೆದರು. ಆದರೆ ಒಮ್ಮೆ ತೀರ್ಮಾನವಾದ ಮೇಲೆ ಅದೇ ವಾದ ಪ್ರತಿ ರಿವ್ಯೂನಲ್ಲೂ ಎದ್ದು ಕೂರುವುದು ನಿಂತಿದೆ. ನನಗೆ ಅಷ್ಟು ಸಾಕು. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಎರಡು ಪುಟದ ರೀಡ್‌ಮೀ (ಪರಿಚಯದ ಫೈಲ್) ಅಷ್ಟೇ ಇರುವ ಒಂಟಿ ಡೆವಲಪರಿಗೆ ಇದರ ಗೊಡವೆ ಬೇಡ.

ಕುತೂಹಲಕ್ಕೆ, ಬಿಡುವಿನಲ್ಲಿ ಮಾಡುವ ಕನ್ನಡ ಅನುವಾದವೊಂದರ ಮೇಲೂ ಓಡಿಸಿದೆ. ‘ಕಡತ’ ಬೇಡ, ‘ಫೈಲ್’ ಇರಲಿ ಅಂತ ನಿಯಮ. ವೇಲ್ ಹುಡುಕುವುದು ಇಡೀ ಪದವನ್ನು. ನಮ್ಮಲ್ಲೋ ಪ್ರತ್ಯಯ ಬಂದು ಅಂಟಿಕೊಳ್ಳುತ್ತದೆ. ಕಡತವನ್ನು, ಕಡತಕ್ಕೆ, ಕಡತದಲ್ಲಿ, ಕಡತಗಳಿಂದ ಎಲ್ಲ ಸಲೀಸಾಗಿ ನುಸುಳಿದವು. ಈಗ ಕೂತು ಒಂದೊಂದು ವಿಭಕ್ತಿಗೂ ಒಂದೊಂದು ಸಾಲು ಸೇರಿಸುತ್ತಿದ್ದೇನೆ. ಚತುರ್ಥಿಗೆ ಬಂದಿದ್ದೇನೆ.