ಕಿಕ್ಕರ್‌ನ ಮೊದಲೇ ಡ್ರಾಫ್ಟ್ ಮಾಡೋದಾ, ಕೊನೇಲಿ ಹುಡುಕೋದಾ?

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದ್ರೆ ತಂಡಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನ ಆರಿಸ್ಕೊಳ್ಳೋದ್ರಲ್ಲಿ, ಇರೋದೇ ಏಳು ರೌಂಡು, ಅದ್ರಲ್ಲಿ ಎರಡನೇದ್ನೋ ಮೂರನೇದ್ನೋ ಕಿಕ್ಕರ್‌ಗೆ, ಅಂದ್ರೆ ಚೆಂಡು ಒದ್ದು ಪಾಯಿಂಟ್ ತರೋ ಆಟಗಾರನಿಗೆ, ಸುರೀಬೇಕಾ ಅಂದ್ರೆ ನಾನಂತೂ ಬೇಡ ಅಂತೀನಿ.

ಮೊದಲೇ ತಗೊಂಡು ಗೆದ್ದವ್ರು ಇಲ್ಲ ಅಂತಲ್ಲ, 2000ದಲ್ಲಿ ರೇಡರ್ಸ್ ತಂಡ ಫಸ್ಟ್ ರೌಂಡಲ್ಲೇ 17ನೇ ಪಿಕ್ (ಆರಿಸೋ ಸರದಿ) ಕೊಟ್ಟು ಸೆಬಾಸ್ಟಿಯನ್ ಜಾನಿಕೌಸ್ಕಿನ ಎತ್ಕೊಂಡ್ರು, ಆಸಾಮಿ 2017ರ ತನಕ ಅಲ್ಲೇ ಇದ್ದ, ಎಡಗಾಲಲ್ಲಿ 63 ಗಜದಿಂದಾನೂ ಹೊಡೆದಿದಾನೆ. ಆದ್ರೆ 2016ರಲ್ಲಿ ರಾಬರ್ಟೊ ಅಗ್ವಾಯೊದು ನೋಡಿ, ಬಕನಿಯರ್ಸ್ ಅವನಿಗೋಸ್ಕರ ಮೂರು, ನಾಲ್ಕನೇ ರೌಂಡಿನ ಪಿಕ್ ಬಿಟ್ಕೊಟ್ಟು ಎರಡನೇ ರೌಂಡಿಗೆ ಹತ್ತಿದ್ರು, ಸಿಕ್ಕಿದ್ದು 31 ಫೀಲ್ಡ್ ಗೋಲ್ (ಗೋಲ್ ಕಂಬಗಳ ನಡುವೆ ಒದೆಯೋದು) ಪ್ರಯತ್ನಕ್ಕೆ 22, ಮುಂದಿನ ಆಗಸ್ಟ್‌ನಲ್ಲಿ ಗೇಟ್‌ಪಾಸ್. ಕಾಲೇಜಲ್ಲಿ ಅಷ್ಟು ಚೆನ್ನಾಗಿ ಹೊಡೀತಿದ್ದ ಹುಡುಗ, ಪಾಪ.

ಕೊನೇಲಿ ಹುಡುಕಿದ್ರೆ? ಹ್ಯಾರಿಸನ್ ಬಟ್ಕರ್‌ನ 2017ರಲ್ಲಿ ಪ್ಯಾಂಥರ್ಸ್ ಏಳನೇ ರೌಂಡಲ್ಲಿ ತಗೊಂಡು ಪ್ರಾಕ್ಟೀಸ್ ಸ್ಕ್ವಾಡಲ್ಲಿ (ಮುಖ್ಯ ತಂಡದ ಹೊರಗಿನ ಅಭ್ಯಾಸದ ಪಡೆ) ಕೂರಿಸಿದ್ರು, ಚೀಫ್ಸ್ ಅಲ್ಲಿಂದ ಎತ್ಕೊಂಡು ಹೋಯ್ತು, ಆಮೇಲೆ ಸೂಪರ್ ಬೌಲ್ (ಲೀಗಿನ ಫೈನಲ್) ಮೇಲೆ ಸೂಪರ್ ಬೌಲ್. ಲೀಗಲ್ಲೇ ಅತಿ ಹೆಚ್ಚು ಪಾಯಿಂಟ್ಸ್ ಹೊಡೆದ ಆಡಮ್ ವಿನಟೇರಿನ ಯಾರೂ ಡ್ರಾಫ್ಟೇ ಮಾಡಿರ್ಲಿಲ್ಲ ಮಾರಾಯ್ರೆ!

ಖಾಲಿ ಕೈಲಿ ಕಾಯೋಕೆ ಧೈರ್ಯ ಇಲ್ವಾ, ಐದನೇ ರೌಂಡ್ ಓಕೆ. ಬೆಂಗಾಲ್ಸ್ 2021ರಲ್ಲಿ ಇವಾನ್ ಮೆಕ್‌ಫರ್ಸನ್‌ನ ಅಲ್ಲೇ ಹಿಡಿದಿದ್ದು, ಆ ಸಲ ಪ್ಲೇಆಫಲ್ಲಿ 14ಕ್ಕೆ 14 ಹಾಕಿದ.