ರಾಜಾಜಿನಗರದ ಕಲ್ಯಾಣ ಮಂಟಪ: ಪಾರ್ಕಿಂಗ್ ಕಷ್ಟ, ಮ್ಯಾನೇಜರ್ ಗಟ್ಟಿ

ತಮ್ಮನ ಮದ್ವೆಗೆ ರಾಜಾಜಿನಗರದ ಕಡೆ ಒಂದು ಮಂಟಪ ಬುಕ್ ಮಾಡಿದ್ವಿ, ಹೆಸರು ಹಾಕಲ್ಲ. ಪಾರ್ಕಿಂಗ್ ಕೇಳ್ಬೇಡಿ, ಹತ್ತು ಕಾರು ನಿಂತ್ರೆ ಮುಗೀತು. ಅಡ್ವಾನ್ಸ್ ಕೊಡೋಕೆ ಹೋದ್ರೆ ಮ್ಯಾನೇಜರ್ ಮೊದ್ಲು ಕೇಳಿದ್ದು ಗಂಡು ಹೆಣ್ಣು ಇಬ್ರದ್ದೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಹುಡುಗಿಗೆ 26 ಆಗಿದೆ ಸ್ವಾಮಿ, ಕೆಲ್ಸದಲ್ಲಿದಾಳೆ ಅಂದ್ರೂ ಬಿಡ್ಲಿಲ್ಲ, ಅಪ್ಪಂಗೆ ಪಿತ್ತ ನೆತ್ತಿಗೇರಿತ್ತು.

ಅಷ್ಟ್ರಲ್ಲಿ ಇನ್ನೊಂದು ಫ್ಯಾಮಿಲಿ ಬಂತು, ಹುಡುಗಿ ಪಿಯುಸಿ ಅನ್ಸತ್ತೆ, ಕಾಲೇಜ್ ಬ್ಯಾಗ್ ಇನ್ನೂ ಹೆಗಲ ಮೇಲೇ ಇತ್ತು. 'ನಾಲ್ಕೇ ತಿಂಗ್ಳು ಸಾರ್, 18 ತುಂಬತ್ತೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ' ಅಂದ್ರು ಅವ್ರಮ್ಮ. 'ತುಂಬ್ಲಿ ಬಿಡಿಯಮ್ಮ, ಆವಾಗ ಬನ್ನಿ' ಅಂತ ರಿಜಿಸ್ಟರ್ ಮುಚ್ಚೇಬಿಟ್ರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೇಲಿ ಹೆಣ್ಣಿಗೆ 18, ಗಂಡಿಗೆ 21, ಮಾಡ್ಸಿದೋರಿಗೂ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ನಮ್ ಕರ್ನಾಟಕದಲ್ಲಂತೂ ತಿದ್ದುಪಡಿ ಆದ್ಮೇಲೆ ಅಂಥ ಮದ್ವೆ ಶುರುವಿಂದ್ಲೇ ಅಸಿಂಧು ಅಂತ ಒಂದೇ ಉಸ್ರಲ್ಲಿ ಹೇಳಿದ್ರು. ಹಿಂದೆ ಗೋಡೆ ಮೇಲೆ ಮಕ್ಕಳ ಸಹಾಯವಾಣಿ ನಂಬರ್ 1098 ಅಂತ ದಪ್ಪಕ್ಷರದಲ್ಲಿ ಬರ್ದಿತ್ತು, ಆ ಹುಡುಗಿ ಅದನ್ನೇ ನೋಡ್ತಾ ನಿಂತಿದ್ಲು. ನಮ್ಮಜ್ಜಿಗೆ 14ಕ್ಕೇ ಮದ್ವೆ, 16ಕ್ಕೆ ಮೊದಲ್ನೇ ಬಾಣಂತನ, ರಕ್ತ ಇಲ್ದೆ ಸುಸ್ತಾಗಿ ಬೀಳ್ತಿದ್ದೆ ಅಂತಿದ್ರು, ಓದು ಮೂರನೇ ಕ್ಲಾಸಿಗೇ ನಿಂತಿತ್ತು. ಅಪ್ಪ ಸುಮ್ನೆ ಮಾರ್ಕ್ಸ್ ಕಾರ್ಡ್ ತೆಗ್ದು ಕೊಟ್ರು.

ಊಟದ ಹಾಲಲ್ಲಿ ಒಂದು ಪಂಕ್ತಿಗೆ 150 ಜನ ಕೂರಬಹುದು, ಅಡುಗೆಮನೇಲಿ ನೀರು ಸಣ್ಣಗೆ ಬರತ್ತೆ, ಟ್ಯಾಂಕರ್ ಮೊದ್ಲೇ ಹೇಳಿಟ್ಕೊಳಿ. 5ಕ್ಕೆ 4 ಸ್ಟಾರ್.